ಯಾವ ಬೆರಳು ಜೋಮು ಹಿಡಿಯಿತು?

ಬೆಂಗಳೂರಿನಿಂದ ಹಾಸನಕ್ಕೆ ಹೋಗುವ ಹೆದ್ದಾರಿಯಲ್ಲಿ ಕುಣಿಗಲ್, ಎಡೆಯೂರು ಕಳೆದ ಮೇಲೆ ಬೆಳ್ಳೂರು ಕ್ರಾಸ್ ಬರುತ್ತದೆ. ನಸುಕಿನಲ್ಲಿ ಬೈಕ್ ಹತ್ತಿದವರಿಗೆ ಅಷ್ಟು ಹೊತ್ತಿಗೆ ಒಂದು ಟೀ ಬೇಕೆನಿಸುತ್ತದೆ. ಕೆಲವು ವರ್ಷಗಳ ಹಿಂದೆ ಡಿಸೆಂಬರಿನ ಒಂದು ಬೆಳಗ್ಗೆ ನಾನೂ ಅಲ್ಲಿ ಗಾಡಿ ನಿಲ್ಲಿಸಿದೆ. ಎರಡು ಗಂಟೆ ಎಲ್ಲೂ ಇಳಿದಿರಲಿಲ್ಲ. ಟೀ ಕುಡಿದು ದುಡ್ಡು ಕೊಡಲು ಜೇಬಿಗೆ ಬಲಗೈ ಹಾಕಿದೆ. ಒಳಗೆ ನಾಣ್ಯಗಳಿರುವುದೇನೋ ಗೊತ್ತಾಗುತ್ತಿತ್ತು. ಅದರಲ್ಲಿ ಎರಡು ರೂಪಾಯಿಯದು ಯಾವುದು, ಐದರದು ಯಾವುದು ಎಂಬುದು ಬೆರಳಿಗೆ ತಿಳಿಯುತ್ತಿರಲಿಲ್ಲ. ಕೊನೆಗೆ ಎಲ್ಲವನ್ನೂ ಎಡ ಅಂಗೈಗೆ ಸುರಿದುಕೊಂಡು ಕಣ್ಣಿನಿಂದ ನೋಡಿ ಆರಿಸಿ ಕೊಟ್ಟೆ.

ಚಳಿಗೆ ಕೈ ಮರಗಟ್ಟಿದೆ ಎಂದುಕೊಂಡೆ. ಕೈ ಉಜ್ಜಿಕೊಳ್ಳುತ್ತ ನಿಂತಾಗ ಒಂದು ಸಂಗತಿ ಗಮನಕ್ಕೆ ಬಂತು. ಹೆಬ್ಬೆರಳು, ತೋರುಬೆರಳು, ನಡುಬೆರಳು ಮೂರೂ ಜೋಮು ಹಿಡಿದಿದ್ದವು. ಉಂಗುರ ಬೆರಳಿನ ಒಂದು ಬದಿಯಲ್ಲಿ ಜುಮುಜುಮು, ಇನ್ನೊಂದು ಬದಿಯಲ್ಲಿ ಏನೂ ಇಲ್ಲ. ಕಿರುಬೆರಳಂತೂ ಮನೆಯಿಂದ ಹೊರಟಾಗ ಹೇಗಿತ್ತೋ ಹಾಗೇ ಇತ್ತು. ಎಡಗೈಯ ಬೆರಳುಗಳೂ ಚೆನ್ನಾಗಿದ್ದವು. ಚಳಿಯೇ ಕಾರಣವಾಗಿದ್ದರೆ ಹತ್ತೂ ಬೆರಳುಗಳು ಮರಗಟ್ಟಬೇಕಿತ್ತು. ಎಲ್ಲಕ್ಕಿಂತ ಸಣ್ಣದಾದ, ಬೇಗ ತಣ್ಣಗಾಗುವ ಕಿರುಬೆರಳೇ ಮೊದಲು ಮರಗಟ್ಟಬೇಕಿತ್ತು.

ಬೈಕ್ ಓಡಿಸುವವರ ಕೈನೋವಿಗೆ ಮದ್ದು ಹುಡುಕುವ ಮುನ್ನ ಕೇಳಬೇಕಾದ ಪ್ರಶ್ನೆ ಇಷ್ಟೇ: ಯಾವ ಕೈ, ಯಾವ ಬೆರಳು? ನೋವು ಕಾಣಿಸುವುದು ಕೈಯಲ್ಲಾದರೂ ಅದರ ಮೂಲ ಸಾಮಾನ್ಯವಾಗಿ ಬೇರೆಲ್ಲೋ ಇರುತ್ತದೆ. ಒಂದು ಲಿವರ್ ಸ್ವಲ್ಪ ಮೇಲೆದ್ದಿರಬಹುದು, ಕೇಬಲ್ ಒಣಗಿರಬಹುದು, ಎಂಜಿನ್ ಒಂದು ನಿರ್ದಿಷ್ಟ ವೇಗದಲ್ಲಿ ನಡುಗುತ್ತಿರಬಹುದು, ಕೂರುವ ಭಂಗಿ ತಪ್ಪಿರಬಹುದು. ಬೆರಳು ಅದರ ಸುದ್ದಿ ತರುತ್ತದೆ. ಆ ಸುದ್ದಿಯನ್ನು ಓದಲು ಕೈಯ ಒಳರಚನೆ ಸ್ವಲ್ಪ ಗೊತ್ತಿರಬೇಕು.

ಮಣಿಕಟ್ಟಿನ ಓಣಿ

ಬೆರಳನ್ನು ಮಡಚುವ ದೊಡ್ಡ ಸ್ನಾಯುಗಳು ಬೆರಳಿನಲ್ಲಿಲ್ಲ, ಮುಂಗೈಯಲ್ಲಿವೆ. ಎಡಗೈಯಿಂದ ಬಲ ಮುಂಗೈಯನ್ನು ಹಿಡಿದುಕೊಂಡು ಬಲಗೈ ಬೆರಳುಗಳನ್ನು ಒಂದೊಂದಾಗಿ ಮಡಚಿ ನೋಡಿ. ಚರ್ಮದಡಿ ಸ್ನಾಯುಗಳು ಹೊರಳುವುದು ತಿಳಿಯುತ್ತದೆ. ಅಲ್ಲಿಂದ ಬೆರಳಿನ ತನಕ ಎಳೆತವನ್ನು ಒಯ್ಯುವುದು ಹುರಿಗಳಂತಿರುವ ಸ್ನಾಯುರಜ್ಜುಗಳು. ಸೂತ್ರದ ಗೊಂಬೆಯಾಟದಲ್ಲಿ ಆಡಿಸುವವರು ಮರೆಯಲ್ಲಿದ್ದು ದಾರ ಮಾತ್ರ ಗೊಂಬೆಯವರೆಗೆ ಬರುವುದಿಲ್ಲವೇ, ಇದೂ ಅಂಥದೇ ಏರ್ಪಾಟು. ಬೆರಳು ಇಷ್ಟು ತೆಳ್ಳಗೆ, ಇಷ್ಟು ಚುರುಕಾಗಿ ಇರುವುದು ಭಾರದ ಸ್ನಾಯುಗಳೆಲ್ಲ ದೂರದಲ್ಲಿರುವುದರಿಂದಲೇ.

ಆದರೆ ಆ ಹುರಿಗಳೆಲ್ಲ ಮಣಿಕಟ್ಟನ್ನು ದಾಟಲೇಬೇಕು. ಅಲ್ಲಿ ಎಂಟು ಪುಟ್ಟ ಮೂಳೆಗಳು ಸೇರಿ ದೋಣಿಯಂತೆ ಒಂದು ತಗ್ಗು ಮಾಡಿವೆ. ಆ ತಗ್ಗಿನ ಮೇಲೆ ಗಟ್ಟಿಯಾದ ಅಸ್ಥಿರಜ್ಜುವೊಂದು ಮುಚ್ಚಳದಂತೆ ಬಿಗಿದುಕೊಂಡಿದೆ. ಹೀಗಾದ ಕಿರಿದಾದ ಓಣಿಗೆ ಕಾರ್ಪಲ್ ಟನೆಲ್ ಎಂದು ಹೆಸರು. ಇದರೊಳಗೆ ಒಂಬತ್ತು ಸ್ನಾಯುರಜ್ಜುಗಳು ಒತ್ತೊತ್ತಾಗಿ ಸಾಗುತ್ತವೆ. ಅವುಗಳ ಜೊತೆಗೆ ಮೆತ್ತಗಿನ ಒಂದು ನರವೂ ಹೋಗುತ್ತದೆ. ಅದು ಮೀಡಿಯನ್ ನರ. ಹೆಬ್ಬೆರಳು, ತೋರುಬೆರಳು, ನಡುಬೆರಳು ಮತ್ತು ಉಂಗುರ ಬೆರಳಿನ ಅರ್ಧದ ಸ್ಪರ್ಶಜ್ಞಾನ ಈ ನರದ್ದು.

ಕಿರುಬೆರಳು ಮತ್ತು ಉಂಗುರ ಬೆರಳಿನ ಉಳಿದರ್ಧದ ಹೊಣೆ ಅಲ್ನಾರ್ ನರದ್ದು. ಇದು ಆ ಓಣಿಯನ್ನು ಹೊಗುವುದಿಲ್ಲ. ಅಂಗೈಯ ಬುಡದಲ್ಲಿ, ಕಿರುಬೆರಳಿನ ಕಡೆ, ಮೆತ್ತೆಯಂತಿರುವ ದಿಂಡಿನ ಕೆಳಗೆ ಇದಕ್ಕೆ ಬೇರೆಯೇ ದಾರಿ. ಫ್ರೆಂಚ್ ವೈದ್ಯ ಫೆಲಿಕ್ಸ್ ಗಿಯೋನ್ 1861ರಲ್ಲಿ ಅದನ್ನು ವಿವರಿಸಿದ್ದರಿಂದ ಅದಕ್ಕೆ ಗಿಯೋನ್ ನಾಲೆ ಎನ್ನುತ್ತಾರೆ. ದೂರ ಪ್ರಯಾಣದ ಸೈಕಲ್ ಸವಾರರು ಅಂಗೈಯ ಬುಡವನ್ನು ಹ್ಯಾಂಡಲ್ ಮೇಲೆ ಊರಿಕೊಂಡು ಸಾಗುವುದರಿಂದ ಅವರಿಗೆ ಹೆಚ್ಚಾಗಿ ಕೈ ಕೊಡುವುದು ಈ ನರ.

ಹಾಗಾಗಿ ಬೆರಳು ಒಂದು ನಕ್ಷೆ. ಹೆಬ್ಬೆರಳಿನ ಕಡೆಯ ಮೂರು ಬೆರಳು ಜೋಮು ಹಿಡಿದರೆ ಮಣಿಕಟ್ಟು ಬಾಗಿದೆ ಎಂದು ಮೊದಲು ಅನುಮಾನಿಸಬೇಕು. ಕಿರುಬೆರಳಿನ ಕಡೆಯದಾದರೆ ಅಂಗೈಯ ಬುಡದ ಮೇಲೆ ಮೈಭಾರ ಬಿದ್ದಿದೆ ಎಂದು. ಐದೂ ಬೆರಳು ಒಟ್ಟಿಗೆ ಗುಂಯ್ಗುಟ್ಟಿದರೆ ಎಂಜಿನ್ನಿನ ನಡುಕದ ಕಡೆ ನೋಡಬೇಕು. ಬೆರಳಿಗೆ ಏನೂ ಆಗದೆ ಮುಂಗೈ ಮತ್ತು ಹೆಬ್ಬೆರಳಿನ ಬುಡ ಸೆಳೆಯುತ್ತಿದ್ದರೆ, ಅದೂ ಎಡಗೈಯದಾದರೆ, ಕ್ಲಚ್ಚನ್ನು ವಿಚಾರಿಸಬೇಕು.

ಮಣಿಕಟ್ಟು ಬಾಗಿದರೆ ನರಕ್ಕೇನು ತೊಂದರೆ? ಅಮೆರಿಕದ ಕೈ ಶಸ್ತ್ರವೈದ್ಯ ರಿಚರ್ಡ್ ಗೆಲ್ಬರ್‌ಮನ್ ಮತ್ತು ಸಂಗಡಿಗರು 1981ರಲ್ಲಿ ಈ ಓಣಿಯೊಳಗಿನ ಒತ್ತಡವನ್ನೇ ಅಳೆದರು. ಆರೋಗ್ಯವಂತರಲ್ಲಿ ಮಣಿಕಟ್ಟು ನೇರವಾಗಿದ್ದಾಗ ಒತ್ತಡ ಸರಾಸರಿ ಪಾದರಸದ 2.5 ಮಿ.ಮೀ. ಅದೇ ಮಣಿಕಟ್ಟನ್ನು ಪೂರ್ತಿ ಮೇಲಕ್ಕೋ ಕೆಳಕ್ಕೋ ಬಾಗಿಸಿದಾಗ ಅದು 30 ಮಿ.ಮೀ. ಆಸುಪಾಸಿಗೆ ಏರಿತು. ಸುಮಾರು ಹನ್ನೆರಡು ಪಟ್ಟು! ನರಕ್ಕೂ ಜೀವವಿದೆ, ಅದಕ್ಕೂ ರಕ್ತ ಬೇಕು. ಕೂದಲೆಳೆಯಷ್ಟು ಸಣ್ಣ ರಕ್ತನಾಳಗಳು ಅದರ ಮೈಮೇಲೆ ಹಬ್ಬಿವೆ. 30 ಮಿ.ಮೀ. ಒತ್ತಡಕ್ಕೆ ಆ ನಾಳಗಳಲ್ಲಿ ಹರಿವು ಕುಗ್ಗತೊಡಗುತ್ತದೆ. ಸ್ವಲ್ಪ ಹೊತ್ತು ಹಾಗೇ ಬಿಟ್ಟರೆ ನರ ಸುದ್ದಿ ಕಳಿಸುವುದನ್ನು ನಿಲ್ಲಿಸುತ್ತದೆ. ಅದೇ ಜೋಮು. ಕೈ ಕೊಡವಿ, ರಕ್ತ ಮರಳಿ ಹರಿದಾಗ ಆಗುವ ಚುಚ್ಚುವಿಕೆ ನರ ಮತ್ತೆ ಎಚ್ಚರಗೊಳ್ಳುವ ಗುರುತು.

ಬಲಗೈಗೆ ಬಿಡುವಿಲ್ಲ

ಬೆಳ್ಳೂರು ಕ್ರಾಸಿನಲ್ಲಿ ನನ್ನ ಬಲಗೈ ಮಾತ್ರ ಜೋಮು ಹಿಡಿದದ್ದಕ್ಕೆ ಕಾರಣವಿತ್ತು. ಎಡಗೈಗೆ ಗೇರ್ ಬದಲಿಸುವಾಗಷ್ಟೇ ಕೆಲಸ. ನೇರ ರಸ್ತೆಯಲ್ಲಿ ಅದು ಬೆರಳು ಬಿಡಿಸಬಹುದು, ಹಿಡಿತ ಬದಲಿಸಬಹುದು. ಬಲಗೈಗೆ ಆ ಸ್ವಾತಂತ್ರ್ಯವಿಲ್ಲ. ಆಕ್ಸಿಲರೇಟರಿನ ಹಿಂದೆ ಒಂದು ಸ್ಪ್ರಿಂಗ್ ಇದೆ. ಕೈ ಬಿಟ್ಟೊಡನೆ ಎಂಜಿನ್ ಇಳಿಯಬೇಕೆಂದು, ನಮ್ಮ ಸುರಕ್ಷತೆಗಾಗಿಯೇ ಇಟ್ಟದ್ದು. ಅದರ ವಿರುದ್ಧ ಬಲಗೈ ದಾರಿಯುದ್ದಕ್ಕೂ ತಿರುಚಿ ಹಿಡಿದೇ ಇರಬೇಕು. ಸ್ನಾಯು ಬಿಗಿಯಾಗಿ ಸಡಿಲಾದರೆ ರಕ್ತವನ್ನು ತಳ್ಳುವ ಪಂಪಿನಂತೆ ಕೆಲಸ ಮಾಡುತ್ತದೆ. ಬಿಗಿಯಾಗಿಯೇ ಉಳಿದರೆ ತನ್ನೊಳಗಿನ ರಕ್ತನಾಳಗಳನ್ನು ತಾನೇ ಅದುಮಿಕೊಳ್ಳುತ್ತದೆ. ಕೊಡ ಹೊತ್ತು ನಡೆಯುವುದಕ್ಕಿಂತ ಹೊತ್ತುಕೊಂಡೇ ನಿಲ್ಲುವುದು ಕಷ್ಟವೆನಿಸುವುದೂ ಇದಕ್ಕೇ.

ಇದರ ಮೇಲೆ ನಾವು ಹಿಡಿಯುವ ರೀತಿಯೂ ಸೇರುತ್ತದೆ. ಗಾಡಿ ಸ್ಟಾರ್ಟ್ ಮಾಡುವಾಗ ಆಕ್ಸಿಲರೇಟರ್ ಮುಚ್ಚಿರುತ್ತದೆ. ಆಗ ಮಣಿಕಟ್ಟು ನೇರವಾಗಿರುವಂತೆ ಗ್ರಿಪ್ ಹಿಡಿಯುತ್ತೇವೆ. ವೇಗ ಹೆಚ್ಚಿಸಲು ಗ್ರಿಪ್ಪನ್ನು ನಮ್ಮ ಕಡೆ ತಿರುಗಿಸಿದಂತೆ ಮಣಿಕಟ್ಟು ಕೆಳಗಿಳಿಯುತ್ತದೆ, ಅಂಗೈ ಮೇಲಕ್ಕೆ ಮಡಚಿಕೊಳ್ಳುತ್ತದೆ. ಹೆದ್ದಾರಿಯಲ್ಲಿ ಎರಡು ಗಂಟೆ ಅದೇ ಭಂಗಿ. ಗೆಲ್ಬರ್‌ಮನ್ ಒತ್ತಡ ಏರಿದ್ದನ್ನು ಕಂಡದ್ದು ಹೀಗೆ ಬಾಗಿದ ಮಣಿಕಟ್ಟಿನಲ್ಲೇ. ಪರಿಹಾರ ಸರಳ: ಬೇಕಾದ ವೇಗ ತಲುಪಿದ ಮೇಲೆ ಗ್ರಿಪ್ಪನ್ನು ಒಮ್ಮೆ ಹೊಸದಾಗಿ ಹಿಡಿಯಬೇಕು, ಮಣಿಕಟ್ಟನ್ನು ಸ್ವಲ್ಪ ಮೇಲೆತ್ತಿ ಮುಂಗೈಯ ನೇರಕ್ಕೆ ತರಬೇಕು. ಖರ್ಚಿಲ್ಲದ ಈ ಒಂದು ಅಭ್ಯಾಸದಿಂದಲೇ ನನ್ನ ಬಲಗೈ ತಾಳಿಕೆ ದುಪ್ಪಟ್ಟಾಯಿತು.

ಎರಡನೆಯದು ಲಿವರ್‌ಗಳ ಕೋನ. ಗಾಡಿ ಕೊಂಡ ದಿನ ಅವು ಹೇಗಿದ್ದವೋ ಹಾಗೇ ಇರಬೇಕೆಂದು ಹೆಚ್ಚಿನವರು ತಿಳಿದಿರುತ್ತಾರೆ. ಹಾಗೇನಿಲ್ಲ. ಬ್ರೇಕ್ ಮತ್ತು ಕ್ಲಚ್ ಲಿವರ್‌ಗಳನ್ನು ಹ್ಯಾಂಡಲ್‌ಗೆ ಕಚ್ಚಿಸಿರುವುದು ಒಂದೆರಡು ಬೋಲ್ಟ್‌ಗಳು. ಗಾಡಿಯನ್ನು ಸೆಂಟರ್ ಸ್ಟ್ಯಾಂಡ್ ಹಾಕಿ, ಓಡಿಸುವಾಗ ಕೂರುವಂತೆಯೇ ಕೂತುಕೊಳ್ಳಿ. ಕಣ್ಣು ಮುಚ್ಚಿ ಗ್ರಿಪ್ ಹಿಡಿದು, ಬೆರಳುಗಳನ್ನು ಮುಂಗೈಯ ನೇರಕ್ಕೆ ಚಾಚಿ. ಬೆರಳು ತಾನಾಗಿ ಲಿವರ್ ಮೇಲೆ ಹೋಗಿ ಕೂರಬೇಕು. ಲಿವರ್ ಮುಟ್ಟಲು ಕೈಯನ್ನು ಮೇಲೆತ್ತಬೇಕಾಗಿ ಬಂದರೆ ಲಿವರ್ ಎತ್ತರವಾಯಿತು. ಬೋಲ್ಟ್ ಸಡಿಲಿಸಿ ಅದನ್ನು ಸ್ವಲ್ಪ ಕೆಳಕ್ಕೆ ತಿರುಗಿಸಿ, ಮತ್ತೆ ಬಿಗಿಯಿರಿ. ಹ್ಯಾಂಡಲ್ಲನ್ನು ಪೂರ್ತಿ ಎಡಕ್ಕೂ ಪೂರ್ತಿ ಬಲಕ್ಕೂ ತಿರುಗಿಸಿ, ಯಾವ ಕೇಬಲ್ಲೂ ಎಳೆದುಕೊಳ್ಳುತ್ತಿಲ್ಲ, ಬ್ರೇಕ್ ಸರಿಯಾಗಿ ಹಿಡಿಯುತ್ತಿದೆ ಎಂದು ಖಾತರಿ ಮಾಡಿಕೊಂಡೇ ರಸ್ತೆಗಿಳಿಯಬೇಕು. ಬ್ರೇಕ್ ಆಯಿಲ್ ಡಬ್ಬಿ ಲಿವರ್ ಪಕ್ಕದಲ್ಲೇ ಇರುವ ಗಾಡಿಗಳಲ್ಲಿ ಅದು ತೀರ ಓರೆಯಾಗದಂತೆ ನೋಡಿಕೊಳ್ಳಬೇಕು.

ಹೋರಿಯ ಹಗ್ಗ ಮತ್ತು ಕ್ಲಚ್ ಕೇಬಲ್

ಎಡಗೈಯ ಕಷ್ಟ ಹೆದ್ದಾರಿಯದಲ್ಲ, ಪೇಟೆಯದು. ಬೆಂಗಳೂರಿನ ಸಿಲ್ಕ್ ಬೋರ್ಡ್ ಸುತ್ತಲಿನ ಸಂಜೆಯ ಟ್ರಾಫಿಕ್ಕಿನಲ್ಲಿ ಕ್ಲಚ್ ಹಿಡಿದು ಬಿಡುವುದೇ ಪ್ರಯಾಣ. ಅದರಲ್ಲಿ ಕೇಬಲ್ ಬಿಗಿಯಾಗಿಬಿಟ್ಟರೆ ಮನೆ ತಲುಪಿ ಅನ್ನ ಕಲಸುವ ಹೊತ್ತಿಗೂ ಎಡ ಮುಂಗೈ ಸೆಳೆಯುತ್ತಿರುತ್ತದೆ.

ಹಳ್ಳಿಯಲ್ಲಿ ಮೊಂಡು ಹೋರಿಯನ್ನು ಹಿಡಿಯುವವರನ್ನು ನೋಡಿದವರಿಗೆ ಇದರ ಗುಟ್ಟು ಬೇಗ ತಿಳಿಯುತ್ತದೆ. ಅದು ಎಳೆಯತೊಡಗಿದ ಕೂಡಲೇ ಹಗ್ಗವನ್ನು ಪಕ್ಕದ ಕಂಬಕ್ಕೋ ಮರಕ್ಕೋ ಎರಡು ಸುತ್ತು ಸುತ್ತುತ್ತಾರೆ. ಆಮೇಲೆ ತುದಿಯನ್ನು ಒಬ್ಬ ಹುಡುಗ ಹಿಡಿದರೂ ಸಾಕು, ಹೋರಿ ಕದಲುವುದಿಲ್ಲ. 18ನೇ ಶತಮಾನದ ಗಣಿತಜ್ಞ ಲಿಯೊನಾರ್ಡ್ ಆಯ್ಲರ್ ಇದಕ್ಕೆ ಲೆಕ್ಕ ಕಟ್ಟಿಕೊಟ್ಟರು. ಸುತ್ತು ಹೆಚ್ಚಿದಂತೆ ಘರ್ಷಣೆ ಕೂಡುತ್ತ ಹೋಗುವುದಿಲ್ಲ, ಚಕ್ರಬಡ್ಡಿಯಂತೆ ಗುಣಿಸುತ್ತ ಹೋಗುತ್ತದೆ. ಘರ್ಷಣಾಂಕ 0.3 ಇದ್ದರೆ ಎರಡು ಸುತ್ತಿಗೆ ಹುಡುಗನ ಬಲ ಸುಮಾರು 43 ಪಟ್ಟಾಗುತ್ತದೆ.

ಕ್ಲಚ್ ಕೇಬಲ್‌ನಲ್ಲಿ ನಡೆಯುವುದೂ ಇದೇ. ಆದರೆ ಇಲ್ಲಿ ಘರ್ಷಣೆ ನಮಗೆ ಎದುರಾಗಿ ನಿಲ್ಲುತ್ತದೆ. ಕವಚದೊಳಗಿನ ತಂತಿ ಹ್ಯಾಂಡಲ್ಲಿನಿಂದ ಎಂಜಿನ್ನಿಗೆ ಹೋಗುವಷ್ಟರಲ್ಲಿ ಅಲ್ಲಲ್ಲಿ ಬಾಗಿ, ಎಲ್ಲ ಬಾಗುಗಳೂ ಸೇರಿ ಅರ್ಧ ಸುತ್ತಾಗುತ್ತದೆ ಎಂದಿಟ್ಟುಕೊಳ್ಳೋಣ. ಎಣ್ಣೆಯಿದ್ದು ಘರ್ಷಣಾಂಕ 0.1 ಆಗಿದ್ದರೆ, ಕ್ಲಚ್ ಸ್ಪ್ರಿಂಗ್ ಕೇಳುವುದಕ್ಕಿಂತ ಮೂರನೇ ಒಂದರಷ್ಟು ಹೆಚ್ಚು ಎಳೆದರೆ ಸಾಕು. ಎಣ್ಣೆ ಒಣಗಿ, ಧೂಳು ಹೊಕ್ಕು, ತುಕ್ಕು ಹಿಡಿದು ಅದು 0.3 ಆದರೆ ಎರಡೂವರೆ ಪಟ್ಟು ಎಳೆಯಬೇಕು. ಸ್ಪ್ರಿಂಗ್ ಬದಲಾಗಿಲ್ಲ, ಎಂಜಿನ್ ಬದಲಾಗಿಲ್ಲ. ಆದರೂ ಕ್ಲಚ್ ‘ಗಟ್ಟಿ’ಯಾಗಿದೆ. ಟ್ಯಾಂಕ್ ಕೆಳಗೆ ಎಲ್ಲೋ ಕೇಬಲ್ ಮೊಣಕೈಯಂತೆ ಮಡಚಿಕೊಂಡಿದ್ದರೆ ಇನ್ನೂ ಕಷ್ಟ.

ನಮ್ಮ ಬೀದಿಯ ಗ್ಯಾರೇಜಿನಲ್ಲಿ ಹಿರಿಯ ಮೆಕ್ಯಾನಿಕ್ ಒಬ್ಬರು ಇದನ್ನು ಸರಿಮಾಡುವುದನ್ನು ಪಕ್ಕದಲ್ಲೇ ನಿಂತು ನೋಡಿದ್ದೇನೆ. ಕೇಬಲ್ಲನ್ನು ಬಿಚ್ಚಿ ಗೋಡೆಯ ಮೊಳೆಗೆ ಉದ್ದಕ್ಕೆ ನೇತುಹಾಕಿದರು. ಹಾಲಿನ ಪ್ಲಾಸ್ಟಿಕ್ ಕವರಿನ ಒಂದು ಮೂಲೆಯನ್ನು ಕತ್ತರಿಸಿ, ಅದನ್ನು ಆಲಿಕೆಯಂತೆ ಕೇಬಲ್ಲಿನ ಮೇಲ್ತುದಿಗೆ ದಾರದಿಂದ ಬಿಗಿದು ಕಟ್ಟಿದರು. ಅದಕ್ಕೆ ನಾಲ್ಕು ಚಮಚದಷ್ಟು ತೆಳು ಎಣ್ಣೆ ಹುಯ್ದು, ತಂತಿಯನ್ನು ಮೇಲಕ್ಕೂ ಕೆಳಕ್ಕೂ ಆಡಿಸಿ ಬಿಟ್ಟರು. “ಅರ್ಜೆಂಟ್ ಮಾಡ್ಬೇಡಿ ಸಾರ್, ರಾತ್ರಿಯೆಲ್ಲ ಇಳೀಲಿ” ಎಂದರು. ಬೆಳಗ್ಗೆ ಕೆಳಗಿಟ್ಟಿದ್ದ ಡಬ್ಬಿಯ ಮುಚ್ಚಳದಲ್ಲಿ ಕಂದು ಬಣ್ಣದ ಕೊಳೆ ಎಣ್ಣೆ ನಿಂತಿತ್ತು. ನನ್ನ ಮುಂಗೈ ಹೊತ್ತು ತಿರುಗುತ್ತಿದ್ದ ಭಾರ ಅದು. ಕೇಬಲ್ಲಿನ ಒಂದೆರಡು ಎಳೆ ತುಂಡಾಗಿದ್ದರೆ ಎಣ್ಣೆ ಹಾಕಿ ಪ್ರಯೋಜನವಿಲ್ಲ, ಬದಲಿಸಬೇಕು. ಒಳಗೆ ನೈಲಾನ್ ಪದರವಿರುವ ಕೇಬಲ್ಲಾದರೆ ಎಣ್ಣೆ ಬೇಕೋ ಬೇಡವೋ ಎಂದು ಗಾಡಿಯ ಕೈಪಿಡಿ ನೋಡಿ ನಿರ್ಧರಿಸಬೇಕು.

ಇದರ ಜೊತೆಗೆ ಒಂದು ಅಭ್ಯಾಸ. ಸಿಗ್ನಲ್‌ನಲ್ಲಿ ಅರವತ್ತು ಸೆಕೆಂಡ್ ಎಂದು ಕಂಡರೂ ಗೇರ್ ಹಾಕಿ ಕ್ಲಚ್ ಹಿಡಿದುಕೊಂಡೇ ನಿಲ್ಲುವವರು ಬಹಳ. ಆ ಒಂದು ನಿಮಿಷ ಮುಂಗೈಗೆ ರಕ್ತ ಸರಿಯಾಗಿ ಹೋಗುವುದಿಲ್ಲ. ನ್ಯೂಟ್ರಲ್‌ಗೆ ಹಾಕಿ, ಕೈ ಕೆಳಗೆ ಬಿಟ್ಟು, ಬೆರಳು ಬಿಡಿಸಿಕೊಳ್ಳಿ. ದಿನಕ್ಕೆ ಇಪ್ಪತ್ತು ಸಿಗ್ನಲ್ ದಾಟುವವರಿಗೆ ಇಪ್ಪತ್ತು ವಿಶ್ರಾಂತಿ ಸಿಕ್ಕಂತಾಯಿತು.

ನಡುಕ ಎಲ್ಲಿಂದ ಬರುತ್ತದೆ

ಒಂಟಿ ಸಿಲಿಂಡರಿನ ಎಂಜಿನ್ನಿನಲ್ಲಿ ಒಂದೇ ಪಿಸ್ಟನ್ ಮೇಲೆ ಕೆಳಗೆ ಓಡಾಡುತ್ತದೆ. ಹಳೆಯ 350 ಸಿಸಿ ಬುಲೆಟ್‌ನ ಲೆಕ್ಕ ನೋಡೋಣ: ಸಿಲಿಂಡರಿನ ಅಗಲ 70 ಮಿ.ಮೀ., ಪಿಸ್ಟನ್ನಿನ ಓಡಾಟ 90 ಮಿ.ಮೀ. ಎಂಜಿನ್ ನಿಮಿಷಕ್ಕೆ 3,600 ಸುತ್ತು ತಿರುಗಿದರೆ ಪಿಸ್ಟನ್ ಸೆಕೆಂಡಿಗೆ 60 ಸಲ ಮೇಲೆ ಹೋಗಿ ನಿಂತು, ಕೆಳಗೆ ಬಂದು ನಿಂತು, ಮತ್ತೆ ಹೊರಡುತ್ತದೆ. ಮೇಲ್ತುದಿಯಲ್ಲಿ ಪ್ರತಿ ಸಲ ದಿಕ್ಕು ಬದಲಿಸುವಾಗ ಅದರ ವೇಗೋತ್ಕರ್ಷ ಗುರುತ್ವದ 600 ಪಟ್ಟನ್ನೂ ಮೀರುತ್ತದೆ. ಆ ಕುಲುಕು ಎಂಜಿನ್ನಿನಿಂದ ಚಾಸಿಗೆ, ಚಾಸಿಯಿಂದ ಹ್ಯಾಂಡಲ್‌ಗೆ, ಅಲ್ಲಿಂದ ಅಂಗೈಗೆ ಬರುತ್ತದೆ. ಇದನ್ನು ತಗ್ಗಿಸಲು ಎಂಜಿನ್ನಿನೊಳಗೆ ಎದುರು ದಿಕ್ಕಿಗೆ ತಿರುಗುವ ಬ್ಯಾಲೆನ್ಸರ್ ಶಾಫ್ಟ್ ಇಡುತ್ತಾರೆ. 2020ರಲ್ಲಿ ಮೀಟಿಯರ್‌ನೊಂದಿಗೆ ಬಂದ ರಾಯಲ್ ಎನ್‌ಫೀಲ್ಡ್‌ನ ಹೊಸ 349 ಸಿಸಿ ಎಂಜಿನ್ನಿನಲ್ಲಿ ಅದಿದೆ.

ಸಣ್ಣ ಎಂಜಿನ್ನಿನ ಗುಣ ಬೇರೆ. ಅದು ನಿಮಿಷಕ್ಕೆ 7,500 ಸುತ್ತು ತಿರುಗಿದಾಗ ಮುಖ್ಯ ಕಂಪನ ಸೆಕೆಂಡಿಗೆ 125. ಅದರ ದುಪ್ಪಟ್ಟಿನ ಇನ್ನೊಂದು ಕಂಪನವೂ ಇರುತ್ತದೆ, ಅದು 250. ನಮ್ಮ ಅಂಗೈಯ ಆಳದಲ್ಲಿ ಈರುಳ್ಳಿಯಂತೆ ಪದರಪದರವಾದ, ಒಂದು ಮಿ.ಮೀ. ಉದ್ದದ ಕಂಪನಗ್ರಾಹಿಗಳಿವೆ. ಅವುಗಳಿಗೆ ಇಟಲಿಯ ಅಂಗರಚನಾಶಾಸ್ತ್ರಜ್ಞ ಫಿಲಿಪ್ಪೋ ಪಾಚಿನಿಯ ಹೆಸರಿದೆ. ಅವು ಅತಿ ಚುರುಕಾಗಿರುವುದು ಸೆಕೆಂಡಿಗೆ 200ರಿಂದ 300 ಕಂಪನಗಳ ನಡುವೆ. ದೊಡ್ಡ ಎಂಜಿನ್ನಿನ ದಪ್ಪ ಬಡಿತವನ್ನು ತೋಳು ಭುಜಗಳು ಅನುಭವಿಸಿದರೆ, ಸಣ್ಣ ಎಂಜಿನ್ನಿನ ಸಣ್ಣ ಝುಂಕಾರ ಬೆರಳಲ್ಲೇ ಉಳಿದು ಕಾಡುವುದು ಇದರಿಂದ.

ಕಂಪನಕ್ಕೆ ಇನ್ನೊಂದು ಗುಣವಿದೆ. ನಡುಗುವ ವಸ್ತುವನ್ನು ಹಿಡಿದಾಗ ಸ್ನಾಯು ನಮ್ಮನ್ನು ಕೇಳದೆ ತಾನೇ ಬಿಗಿಯಾಗುತ್ತದೆ. ಸ್ವೀಡನ್ನಿನ ಸಂಶೋಧಕರಾದ ಹಾಗ್‌ಬಾರ್ತ್ ಮತ್ತು ಎಕ್‌ಲುಂಡ್ 1966ರಲ್ಲಿ ಈ ಪ್ರತಿವರ್ತನೆಯನ್ನು ವಿವರಿಸಿದರು. ಜೊತೆಗೆ ಸ್ಪರ್ಶ ಮಂಕಾದಂತೆ ಎಷ್ಟು ಬಿಗಿಯಾಗಿ ಹಿಡಿದಿದ್ದೇವೆಂಬ ಅಂದಾಜು ತಪ್ಪುತ್ತದೆ. ಬಿಗಿದಷ್ಟೂ ಕಂಪನ ಕೈಯೊಳಗೆ ಹೆಚ್ಚು ಇಳಿಯುತ್ತದೆ, ಇಳಿದಷ್ಟೂ ಕೈ ಇನ್ನೂ ಬಿಗಿಯುತ್ತದೆ. ಆ ಸುತ್ತನ್ನು ತಿಳಿದೇ ಮುರಿಯಬೇಕು. ರಸ್ತೆ ದಾಟಿಸುವಾಗ ಮಗುವಿನ ಕೈ ಹಿಡಿಯುತ್ತೇವಲ್ಲ, ಹ್ಯಾಂಡಲ್‌ಗೂ ಅಷ್ಟೇ ಹಿಡಿತ ಸಾಕು: ಬಿಟ್ಟುಹೋಗಬಾರದು, ನೋಯಲೂ ಬಾರದು.

ಕಂಪನವನ್ನು ಹಗುರವಾಗಿ ತೆಗೆದುಕೊಳ್ಳುವಂತಿಲ್ಲ. 1918ರಲ್ಲಿ ಅಮೆರಿಕದ ವೈದ್ಯೆ ಆಲಿಸ್ ಹ್ಯಾಮಿಲ್ಟನ್ ಇಂಡಿಯಾನಾದ ಬೆಡ್‌ಫರ್ಡ್‌ನಲ್ಲಿ ಸುಣ್ಣಕಲ್ಲು ಕೆತ್ತುವ ಕಾರ್ಮಿಕರ ಕೈಗಳನ್ನು ಪರೀಕ್ಷಿಸಿದರು. ಗಾಳಿಯೊತ್ತಡದ ಸುತ್ತಿಗೆ ಹಿಡಿದವರ ಬೆರಳುಗಳು ಚಳಿಗಾಲದ ಬೆಳಗ್ಗೆ ರಕ್ತವಿಲ್ಲದೆ ಬಿಳುಚಿಕೊಳ್ಳುತ್ತಿದ್ದವು. ಕಂಪನ ಬೆರಳಿನ ರಕ್ತನಾಳಗಳನ್ನೂ ನರಗಳನ್ನೂ ಹಾಳುಮಾಡಬಲ್ಲದೆಂದು ವೈದ್ಯಲೋಕ ಗಂಭೀರವಾಗಿ ಎಣಿಸಿದ್ದು ಇಂಥ ಅಧ್ಯಯನಗಳಿಂದ. 1990ರ ದಶಕದಲ್ಲಿ ಜಪಾನಿನ ಗಿಫು ವಿಶ್ವವಿದ್ಯಾಲಯದ ಸಂಶೋಧಕರು ಮೋಟರ್‌ಸೈಕಲ್ ಮೇಲೆ ಗಸ್ತು ತಿರುಗುವ ಸಂಚಾರ ಪೊಲೀಸರನ್ನು ವಿಚಾರಿಸಿದಾಗ, ಅರ್ಧಕ್ಕೆ ಸಮೀಪದಷ್ಟು ಮಂದಿ ಭುಜ ಬಿಗಿಯುತ್ತದೆ ಎಂದರು. ಸುಮಾರು ಐವರಲ್ಲಿ ಒಬ್ಬರು ಬೆರಳು ಜೋಮು ಹಿಡಿಯುತ್ತದೆ ಎಂದರು. ಯುರೋಪಿನ ಒಕ್ಕೂಟ 2002ರ ನಿರ್ದೇಶನದಲ್ಲಿ ಎಂಟು ಗಂಟೆಯ ದುಡಿಮೆಗೆ ಕೈ ತಾಳಬಹುದಾದ ಕಂಪನಕ್ಕೆ ಮಿತಿಯನ್ನೇ ಹಾಕಿತು. ಸರಾಸರಿ ವೇಗೋತ್ಕರ್ಷ 2.5 ಮೀ/ಸೆ² ದಾಟಿದರೆ ಮಾಲೀಕರು ಕ್ರಮ ಕೈಗೊಳ್ಳಬೇಕು, 5 ಮೀ/ಸೆ² ದಾಟಲೇಬಾರದು.

ಸವಾರರು ಏನು ಮಾಡಬಹುದು? ಮೊದಲು ನಿಮ್ಮ ಗಾಡಿ ಯಾವ ವೇಗದಲ್ಲಿ ಹೆಚ್ಚು ನಡುಗುತ್ತದೆ ಎಂದು ಗುರುತಿಸಿ. ಹ್ಯಾಂಡಲ್ ಎಂದರೆ ನಡುವೆ ಕಚ್ಚಿಸಿದ, ಎರಡೂ ತುದಿ ಬಿಡುವಾಗಿರುವ ಉಕ್ಕಿನ ಕೊಳವೆ. ಮೇಜಿನಂಚಿಗೆ ಒತ್ತಿಹಿಡಿದು ಮೀಟಿದ ಸ್ಟೀಲ್ ಸ್ಕೇಲಿನಂತೆ ಅದಕ್ಕೂ ತನ್ನದೇ ಸಹಜ ಕಂಪನಾಂಕವಿದೆ. ಎಂಜಿನ್ನಿನ ಕಂಪನ ಅದಕ್ಕೆ ಹೊಂದಿಕೊಂಡ ಕೂಡಲೇ ಗುಂಯ್ ಎನ್ನುವುದು ಜೋರಾಗುತ್ತದೆ. ಐದಾರು ಕಿ.ಮೀ. ವೇಗ ತಗ್ಗಿಸಿದರೂ ಆ ಜಾಗ ದಾಟಬಹುದು. ಸ್ಕೇಲಿನ ತುದಿಗೆ ಒಂದು ರಬ್ಬರ್ ಅಂಟಿಸಿ ಮೀಟಿದರೆ ಅದು ನಿಧಾನವಾಗುತ್ತದಲ್ಲ, ಹ್ಯಾಂಡಲ್ ತುದಿಯಲ್ಲಿ ಕೂರಿಸುವ ಭಾರದ ಗುಂಡುಗಳ ಕೆಲಸವೂ ಅದೇ. ಅವು ಬಿದ್ದುಹೋಗಿದ್ದರೆ ಹೊಸದು ಹಾಕಿಸಿ. ಎಂಜಿನ್ ಕಚ್ಚಿಸಿದ ಬೋಲ್ಟ್, ಹ್ಯಾಂಡಲ್ ಕ್ಲಾಂಪ್, ಸಡಿಲವಾದ ಚೈನ್, ಗಟ್ಟಿಯಾಗಿ ಸವೆದ ಗ್ರಿಪ್, ಇವನ್ನೂ ಸರ್ವಿಸಿನ ದಿನ ನೋಡಲು ಹೇಳಿ. ಮೆತ್ತನೆಯ ಗ್ಲೌಸ್ ಸಣ್ಣ ಝುಂಕಾರವನ್ನು ಸ್ವಲ್ಪ ತಡೆಯುತ್ತದೆ, ದೊಡ್ಡ ಬಡಿತವನ್ನು ತಡೆಯುವುದಿಲ್ಲ. ತೀರ ದಪ್ಪನೆಯದಾದರೆ ಹಿಡಿಯಲು ಇನ್ನಷ್ಟು ಬಲ ಬೇಕಾಗಿ ಕೈ ಬೇಗ ಸೋಲುತ್ತದೆ.

ಮೈಭಾರ ಕೈಯದಲ್ಲ

ಕಿರುಬೆರಳು ಜೋಮು ಹಿಡಿಯುವವರು ನೋಡಿಕೊಳ್ಳಬೇಕಾದದ್ದು ತಮ್ಮ ಸೊಂಟವನ್ನು. ಬೆನ್ನು ಸೋತು ಮೈ ಮುಂದಕ್ಕೆ ವಾಲಿದರೆ, ಸೀಟು ಮುಂದಕ್ಕೆ ಜಾರಿಸಿದರೆ, ಮೇಲ್ಮೈಯ ಭಾರವೆಲ್ಲ ಅಂಗೈಯ ಬುಡಕ್ಕೆ ಇಳಿಯುತ್ತದೆ. ಬ್ರೇಕ್ ಹಾಕಿದಾಗ ಕೇಳುವುದೇ ಬೇಡ. 70 ಕಿಲೋ ತೂಕದವರಲ್ಲಿ ಸೊಂಟದ ಮೇಲಿನ ಭಾಗವೇ 45 ಕಿಲೋ ಮೀರಿರುತ್ತದೆ. ಗುರುತ್ವದ ಅರ್ಧದಷ್ಟು ಜೋರಾಗಿ ಬ್ರೇಕ್ ಹಿಡಿದರೆ 20 ಕಿಲೋಗೂ ಹೆಚ್ಚು ಭಾರ ಮುಂದಕ್ಕೆ ನೂಕುತ್ತದೆ. ತೊಡೆಗಳಿಂದ ಟ್ಯಾಂಕನ್ನು ಒತ್ತಿ ಹಿಡಿದಿದ್ದರೆ ಅದನ್ನು ಕಾಲು ತಾಳಿಕೊಳ್ಳುತ್ತದೆ. ಇಲ್ಲದಿದ್ದರೆ ಎರಡು ಅಂಗೈಗಳ ಮೇಲೆ ಬಂತು. ಪ್ರತಿ ಹಂಪಿಗೂ ಒಮ್ಮೆ ಹೀಗಾದರೆ ನರ ಎಷ್ಟೆಂದು ತಾಳೀತು?

ಪರೀಕ್ಷೆ ಸುಲಭ. ಖಾಲಿಯಿರುವ ನೇರ ರಸ್ತೆಯಲ್ಲಿ, ನಿಧಾನ ವೇಗದಲ್ಲಿ, ಕೈ ಗ್ರಿಪ್ ಮೇಲಿದ್ದಂತೆಯೇ ಬೆರಳುಗಳನ್ನು ಹಾರ್ಮೋನಿಯಂ ಮನೆಗಳ ಮೇಲೆ ಆಡಿಸಿದಂತೆ ಆಡಿಸಿ. ಸಲೀಸಾಗಿ ಆಡಿದರೆ ಭಂಗಿ ಸರಿಯಿದೆ. ಆಡಿಸಿದ ಕೂಡಲೇ ಮೈ ಮುಂದಕ್ಕೆ ಬೀಳುವಂತಾದರೆ ಕೈ ಊರುಗೋಲಾಗಿದೆ. ಮೊಣಕೈ ಸ್ವಲ್ಪ ಮಡಚಿರಲಿ. ನೆಟ್ಟಗೆ ಚಾಚಿದ ತೋಳು ಹಂಪಿನ ಪೆಟ್ಟನ್ನು ನೇರವಾಗಿ ಭುಜಕ್ಕೆ ದಾಟಿಸುತ್ತದೆ. ಇಷ್ಟಾದರೂ ಹ್ಯಾಂಡಲ್ ದೂರ ಅನಿಸಿದರೆ ಅದನ್ನು ಒಂದಿಷ್ಟು ಹಿಂದಕ್ಕೆ ತಿರುಗಿಸುವುದೋ ಎತ್ತರಿಸುವುದೋ ಮೆಕ್ಯಾನಿಕ್‌ಗೆ ದೊಡ್ಡ ಕೆಲಸವಲ್ಲ.

ಉಳಿದದ್ದು ವಿಶ್ರಾಂತಿ. ಗಂಟೆಗೊಮ್ಮೆ ಐದು ನಿಮಿಷ ಇಳಿಯಿರಿ. ಬೆರಳುಗಳನ್ನು ಪೂರ್ತಿ ಚಾಚಿ, ಆಮೇಲೆ ತುದಿಗಳನ್ನಷ್ಟೇ ಕೊಕ್ಕೆಯಂತೆ ಮಡಚಿ, ಕೊನೆಗೆ ಮುಷ್ಟಿ ಮಾಡಿ. ಹೀಗೆ ನಿಧಾನವಾಗಿ ಹತ್ತು ಸಲ. ಪ್ರತಿ ಭಂಗಿಯಲ್ಲೂ ಓಣಿಯೊಳಗಿನ ಹುರಿಗಳು ಬೇರೆ ಬೇರೆ ಅಳತೆಗೆ ಜಾರಿ, ಒಂದಕ್ಕೊಂದು ಅಂಟಿಕೊಳ್ಳದಂತಾಗುತ್ತದೆ. ಸಕಲೇಶಪುರ, ಕೊಡಗಿನ ಚಳಿಯಲ್ಲಿ ಹೋಗುವವರು ಗಾಳಿ ತಡೆಯುವ ಗ್ಲೌಸ್ ಹಾಕಲೇಬೇಕು. ಚಳಿಗೆ ಬೆರಳಿನ ರಕ್ತನಾಳಗಳು ಮೊದಲೇ ಕುಗ್ಗಿರುತ್ತವೆ, ಕಂಪನ ಅವನ್ನು ಇನ್ನಷ್ಟು ಕುಗ್ಗಿಸುತ್ತದೆ.

ಸ್ಪ್ಯಾನರ್‌ಗೆ ನಿಲುಕದ್ದು

ಕಳೆದ ಮಳೆಗಾಲದ ಒಂದು ರಾತ್ರಿ ಊಟದ ಪೊಟ್ಟಣ ತಂದುಕೊಟ್ಟ ಹುಡುಗ ಲಿಫ್ಟಿಗೆ ಕಾಯುತ್ತ ಬಲಗೈಯನ್ನು ಪದೇಪದೇ ಕೊಡವುತ್ತಿದ್ದ, ಥರ್ಮಾಮೀಟರ್ ಕೊಡವಿದಂತೆ. ಕೇಳದಿರಲಾಗಲಿಲ್ಲ.

“ಯಾವ ಬೆರಳಪ್ಪ?”

“ಇವು ಮೂರೂ ಸಾರ್” ಎಂದು ಹೆಬ್ಬೆರಳು, ತೋರುಬೆರಳು, ನಡುಬೆರಳು ತೋರಿಸಿದ. “ಗಾಡಿ ಬಿಟ್ಮೇಲೆ ಸರಿಹೋಗ್ತಿತ್ತು. ಈಗ ರಾತ್ರಿ ನಿದ್ದೇಲೂ ಎಚ್ಚರ ಆಗುತ್ತೆ. ಎದ್ದು ಕೈ ಕೊಡವಿಕೊಂಡ್ರೆ ಕಮ್ಮಿ ಆಗುತ್ತೆ.”

ಕೆಳಗೆ ಹೋಗಿ ಅವನ ಗಾಡಿ ನೋಡಿದೆ. ಬ್ರೇಕ್ ಲಿವರ್ ಆಕಾಶ ನೋಡುತ್ತಿತ್ತು. ಬೋಲ್ಟ್ ಸಡಿಲಿಸಿ ಅದನ್ನು ಅವನ ಮುಂಗೈ ನೇರಕ್ಕೆ ತಂದು ಬಿಗಿದೆವು. ಅವನು ಎರಡು ಸಲ ಒತ್ತಿ ನೋಡಿ, “ಇದು ಇಷ್ಟು ದಿನ ಯಾರೂ ಹೇಳಿರ್ಲಿಲ್ಲ ಸಾರ್” ಎಂದ.

ಆದರೆ ಅವನಿಗೆ ಅಷ್ಟು ಸಾಲದು. ಗಾಡಿಯಿಂದ ಇಳಿದ ಐದು ಹತ್ತು ನಿಮಿಷಕ್ಕೆ ಹೋಗುವ ಜೋಮಿಗೆ ಸ್ಪ್ಯಾನರ್ ಮದ್ದು. ನಿದ್ದೆಯಿಂದ ಎಬ್ಬಿಸುವ ಜೋಮು, ದಿನವಿಡೀ ಉಳಿಯುವ ಜೋಮು, ಗುಂಡಿ ಹಾಕಲು ತಡವರಿಸುವ ಬೆರಳು, ಕೈಯಿಂದ ಜಾರುವ ಲೋಟ, ಹೆಬ್ಬೆರಳಿನ ಬುಡದ ದಿಂಡು ಸೊರಗುವುದು, ಇವು ವೈದ್ಯರ ಬಳಿ ಹೋಗಬೇಕಾದ ಲಕ್ಷಣಗಳು. ಕುತ್ತಿಗೆಯಿಂದ ತೋಳಿಗೆ ಇಳಿಯುವ ನೋವಿದ್ದರೂ ಅಷ್ಟೇ. ಅಲ್ಲಿ ನರ ಸಿಕ್ಕಿಕೊಂಡಿರುವುದು ಮಣಿಕಟ್ಟಿನಲ್ಲಲ್ಲದಿರಬಹುದು. ಸಕ್ಕರೆ ಕಾಯಿಲೆ, ಥೈರಾಯ್ಡ್ ಕೊರತೆ ಇರುವವರು ಮತ್ತು ಗರ್ಭಿಣಿಯರಲ್ಲಿ ಈ ನರ ಬೇಗ ಅದುಮಿಕೊಳ್ಳುತ್ತದೆ. ನರ ಎಷ್ಟು ವೇಗವಾಗಿ ಸುದ್ದಿ ಒಯ್ಯುತ್ತಿದೆ ಎಂದು ಅಳೆಯುವ ಪರೀಕ್ಷೆಯಿದೆ. ಆರಂಭದಲ್ಲೇ ಹೋದವರಿಗೆ ರಾತ್ರಿ ಮಣಿಕಟ್ಟನ್ನು ನೇರವಾಗಿಡುವ ಪಟ್ಟಿಯಿಂದಲೇ ಬಹಳಷ್ಟು ಸಲ ಗುಣ ಕಾಣುತ್ತದೆ. ತಡಮಾಡಿದರೆ ಇಂಜೆಕ್ಷನ್, ಇಲ್ಲವೇ ಓಣಿಯ ಮುಚ್ಚಳವನ್ನು ಬಿಡಿಸುವ ಶಸ್ತ್ರಚಿಕಿತ್ಸೆ ಬೇಕಾಗಬಹುದು. ನರ ಪೂರ್ತಿ ಸೊರಗಿದ ಮೇಲೆ ಶಸ್ತ್ರಚಿಕಿತ್ಸೆಯೂ ಕಳೆದುಹೋದ ಸ್ಪರ್ಶವನ್ನೆಲ್ಲ ಮರಳಿಸಲಾರದು.

ಇದನ್ನೆಲ್ಲ ಅವನಿಗೆ ಹೇಳಿದೆ. ವೈದ್ಯರಲ್ಲಿಗೆ ಹೋದ ದಿನದ ಸಂಪಾದನೆ ಹೋಗುತ್ತದೆ ಎಂದ. ನಿಜವೇ. ದಿನಕ್ಕೆ ಹತ್ತು ಗಂಟೆ ಹ್ಯಾಂಡಲ್ ಹಿಡಿದು ಬದುಕುವವರಿಗೆ ಒಂದು ದಿನ ಬಿಡುವುದು ಸಣ್ಣ ಮಾತಲ್ಲ. ಆದರೆ ಆ ಹ್ಯಾಂಡಲ್ ಹಿಡಿಯುವುದೂ ಅದೇ ಮೂರು ಬೆರಳುಗಳೇ. ಮೊಬೈಲ್ ಒತ್ತುವುದು, ಪೊಟ್ಟಣ ಕಟ್ಟುವುದು, ಚಿಲ್ಲರೆ ಎಣಿಸುವುದು, ರಾತ್ರಿ ಮನೆಗೆ ಹೋಗಿ ತುತ್ತು ಎತ್ತುವುದು ಎಲ್ಲವೂ ಅವುಗಳಿಂದಲೇ. ಮುಂದಿನ ಸೋಮವಾರ ಸರಕಾರಿ ಆಸ್ಪತ್ರೆಗೆ ಹೋಗುತ್ತೇನೆ ಎಂದು ಹೇಳಿ, ಮಣಿಕಟ್ಟನ್ನು ನೇರ ಮಾಡಿ ಗ್ರಿಪ್ ಹಿಡಿದು, ಗಾಡಿ ತಿರುಗಿಸಿಕೊಂಡು ಹೋದ.